ಅಸ್ತವ್ಯಸ್ತಕ್ಕೆ ಅಕ್ಕ ಕೊಟ್ಟ ಅರ್ಥಗಳು

ನನ್ನ ಮೇಜಿನ ಬಗ್ಗೆ ನಮ್ಮ ಶಾಲೆಯಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ. ಕಟ್ಟಿದವರು ಪಿ.ಟಿ. ಮೇಷ್ಟ್ರು. "ಮೇಡಮ್ಮೋರ ಟೇಬಲ್ ಮೇಲೆ ಕೋಳಿ ಹತ್ತಿ ಮೊಟ್ಟೆ ಇಟ್ಟು, ಕಾವು ಕೂತು, ಮರಿ ಮಾಡ್ಕೊಂಡು ಇಳಿದು ಹೋದ್ರೂ ಅವರಿಗೆ ಗೊತ್ತಾಗಲ್ಲ." ನಾನು ಈ ಮಾತಿಗೆ ಸಿಟ್ಟಾಗುವುದಿಲ್ಲ. ಸಿಟ್ಟಾಗುವ ಮುಖ ನನಗಿಲ್ಲ. ಹೋದ ತಿಂಗಳು ಅದೇ ಮೇಜಿನಲ್ಲಿ, ಎಂಟನೇ ತರಗತಿಯ ಕಾಂಪೊಸಿಷನ್ ಪುಸ್ತಕಗಳ ಅಡಿಯಲ್ಲಿ, ಎರಡು ವರ್ಷದ ಹಿಂದೆ ಕಳೆದುಹೋಗಿದ್ದ ನನ್ನ ಕನ್ನಡಕ ಸಿಕ್ಕಿತು. ಜೊತೆಗೆ ಅರ್ಧ ತಿಂದ ಕೊಬ್ಬರಿ ಮಿಠಾಯಿಯೂ ಇತ್ತು. ಅದು ನನ್ನದಲ್ಲವೆಂದು ಹೇಳಿದೆ, ಯಾರೂ ನಂಬಲಿಲ್ಲ.

ಮೊನ್ನೆ ಇನ್ಸ್‌ಪೆಕ್ಷನ್ ಬರುತ್ತದೆಂದು ಸುದ್ದಿಯಾಯಿತು. ಅಟೆಂಡರ್ ರತ್ನಮ್ಮ ನನ್ನ ಮೇಲಿನ ಕರುಣೆಯಿಂದ ಮೇಜು ಓರಣ ಮಾಡಲು ಬಂದರು. ಹಾಳೆಗಳ ಒಂದು ಕಟ್ಟಿನಿಂದ ಕೆಂಪು ದಾರದ ತುದಿಯೊಂದು ಹೊರಗೆ ಜೋತುಬಿದ್ದಿತ್ತು. ರತ್ನಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಲು ಹೋದರು. ನಾನು "ಎಳೀಬೇಡಿ!" ಎಂದು ಕಿರುಚಿದೆ. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ಲೋಟ ಹಿಡಿದುಕೊಂಡೇ ತಿರುಗಿ ನೋಡಿದರು. ರತ್ನಮ್ಮ ಹೆದರಿ ಕೈ ಹಿಂದಕ್ಕೆ ತೆಗೆದುಕೊಂಡು, "ಏನ್ ಮೇಡಂ, ಹಾವು ಕಂಡಂಗೆ ಕೂಗ್ತೀರಲ್ಲ" ಎಂದರು. ಅದು ಫೈಲಿಗೆ ಕಟ್ಟುವ ಮಾಮೂಲಿ ದಾರ. ಎಳೆದಿದ್ದರೆ ನಾಲ್ಕು ಹಾಳೆ ನೆಲಕ್ಕೆ ಬೀಳುತ್ತಿದ್ದವು, ಅಷ್ಟೇ. ನಾನು ಕ್ಷಮೆ ಕೇಳಿದೆ. ಆ ಕಟ್ಟನ್ನು ಮಾತ್ರ ಇದ್ದ ಹಾಗೇ ಬಿಡಿ ಎಂದೆ.

ಇಂಗ್ಲಿಷ್ ಕಲಿಸುವವಳಾದ್ದರಿಂದ ನನ್ನ ಮೇಜಿಗೆ ಹೊಂದುವ ಪದಗಳಿಗೆ ನನ್ನಲ್ಲಿ ಬರವಿಲ್ಲ. ಅನ್‌ಟೈಡಿ, ಮೆಸ್, ಕ್ಲಟರ್, ಜಂಬಲ್, ಟ್ಯಾಂಗಲ್, ಮಡಲ್, ಡಿಸರೇ, ಕೇಯಾಸ್. ಕನ್ನಡವೇನು ಕಡಿಮೆಯೇ? ಚೆಲ್ಲಾಪಿಲ್ಲಿ, ಗೋಜಲು, ಗಜಿಬಿಜಿ, ಕಲಸುಮೇಲೋಗರ, ಅಧ್ವಾನ, ರಾದ್ಧಾಂತ. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. ಪಾಠ ಮಾಡುವಾಗ ಆ ವ್ಯತ್ಯಾಸವನ್ನು ನಾನು ಹೇಳುವ ರೀತಿ ಮಕ್ಕಳಿಗೆ ಇಷ್ಟ. "ನೀವು ಇದನ್ನೆಲ್ಲ ಎಲ್ಲಿ ಕಲಿತ್ರಿ ಮಿಸ್?" ಎಂದು ಒಬ್ಬಳು ಕೇಳಿದಳು. ಬಿ.ಎಡ್. ಕಾಲೇಜಿನಲ್ಲಿ ಎಂದು ಹೇಳಿ ತಪ್ಪಿಸಿಕೊಂಡೆ. ನಿಮ್ಮ ಹತ್ತಿರ ಯಾಕೆ ಸುಳ್ಳು? ಕಲಿಸಿದವಳು ನನ್ನ ಅಕ್ಕ ಗಿರಿಜ. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದವಳು. ಅಕ್ಕ ಈಗಿಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಮನೆ. ನಡುಮನೆಯನ್ನು ಎರಡು ಪವರ್‌ಲೂಮ್‌ಗಳು ಹಿಡಿದುಕೊಂಡಿದ್ದವು. ಅವು ಬಿಟ್ಟುಕೊಟ್ಟ ಜಾಗದಲ್ಲಿ ನಾವು ನಾಲ್ಕು ಜನ ಉಂಡು ಮಲಗುತ್ತಿದ್ದೆವು. ಮಗ್ಗ ಓಡುವಾಗ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ತುಟಿ ನೋಡಿಯೇ ಅರ್ಥ ಮಾಡಿಕೊಳ್ಳುತ್ತಿದ್ದೆವು. ಕರೆಂಟು ಹೋದಾಗ ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಂತು, ಎಲ್ಲರ ಮನೆಯ ಜಗಳ ಎಲ್ಲರಿಗೂ ಕೇಳುತ್ತಿತ್ತು. ನಮ್ಮ ಬೀದಿಯವರು ಇವತ್ತಿಗೂ ಸ್ವಲ್ಪ ಜೋರಾಗಿಯೇ ಮಾತಾಡುತ್ತಾರೆ. ನನ್ನ ಗಂಡನಿಗೆ ಮದುವೆಯಾದ ಹೊಸತರಲ್ಲಿ ನಾವೆಲ್ಲ ಸದಾ ಕಾದಾಡುತ್ತಿದ್ದೇವೆ ಅನ್ನಿಸುತ್ತಿತ್ತಂತೆ.

ಮಗ್ಗದ ಕೆಲಸದಲ್ಲಿ ಅಪ್ಪನದು ಓಡಿಸುವುದು, ಅಮ್ಮನದು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವುದು, ಅಕ್ಕನದು ಕೆಚ್ಚುವುದು. ಕೆಚ್ಚುವುದು ಎಂದರೆ ಏನೆಂದು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಸೀರೆಯ ಉದ್ದಕ್ಕೂ ಹೋಗುವ ಎಳೆಗಳಿಗೆ ಹಾಸು ಎಂದು ಹೆಸರು. ಒಂದು ಹಾಸಿನಲ್ಲಿ ಸಾವಿರಾರು ಎಳೆ. ಹಳೆಯ ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ನೇಯುವುದಿಲ್ಲ. ಮೊಳದಷ್ಟು ಮಗ್ಗದಲ್ಲೇ ಬಿಟ್ಟು, ಹಳೆಯ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು, ಬೂದಿ ಮುಟ್ಟಿದ ಬೆರಳಿನಲ್ಲಿ ಹೊಸೆದು ಸೇರಿಸುತ್ತಾರೆ. ಅದೇ ಕೆಚ್ಚುವುದು. ಮೊದಲನೆಯದಕ್ಕೆ ಮೊದಲನೆಯದು, ನೂರನೆಯದಕ್ಕೆ ನೂರನೆಯದು. ಸರತಿ ತಪ್ಪಿದರೆ ಎಳೆಗಳು ಒಂದರ ಮೇಲೊಂದು ಹಾದು, ಉಜ್ಜಿ, ಪಟಪಟನೆ ಹರಿಯುತ್ತವೆ. ಆ ಸರತಿ ಕಾಯುವುದಕ್ಕಾಗಿಯೇ ಹಾಸು ಮಾಡಿದವರು ಎಳೆಗಳ ನಡುವೆ, ಒಂದರ ಮೇಲೆ ಒಂದರ ಕೆಳಗೆ ಹಾಯುವಂತೆ, ಒಂದು ದಾರ ಹಾಕಿ ಕಳಿಸುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಸರತಿ ದಾರ ಎನ್ನುತ್ತಿದ್ದರು. ಮಗ್ಗದ ಹಿಂದೆ ಹಾಸನ್ನು ಕಟ್ಟಿ, ಆ ದಾರದ ಜಾಗಕ್ಕೆ ಬಿದಿರ ಕಡ್ಡಿ ಏರಿಸುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ.

ಅಕ್ಕನ ಬೆರಳುಗಳು ಬೀದಿಗೇ ಹೆಸರುವಾಸಿ. "ಗಿರಿಜ ಕೆಚ್ಚಿದ ಹಾಸು ಅಂದ್ರೆ ಕಣ್ಮುಚ್ಕೊಂಡು ನೇಯಬಹುದು" ಎಂದು ಅಪ್ಪ ಅವಳಿಲ್ಲದಾಗ ಹೇಳುತ್ತಿದ್ದರು. ಅವಳೆದುರು ಹೇಳಿದ್ದನ್ನು ನಾನು ಕೇಳಿಲ್ಲ.

ಆ ಬೆರಳುಗಳಿಗೆ ಬಗ್ಗದೆ ಉಳಿದದ್ದು ಇಂಗ್ಲಿಷ್ ಒಂದೇ. ಎಸ್ಸೆಸ್ಸೆಲ್ಸಿಯಲ್ಲಿ ಉಳಿದ ವಿಷಯಗಳೆಲ್ಲ ಪಾಸು, ಇಂಗ್ಲಿಷ್ ಫೇಲು. ಎರಡನೇ ಸಲ ಕಟ್ಟಿದಾಗ ಮೂವತ್ತೆರಡು ಬಂತು. ಮೂರು ಮಾರ್ಕು ಕಡಿಮೆ. ಅಪ್ಪ, "ಹೋಗ್ಲಿ ಬಿಡು, ಎಳೆಗೇನು ಇಂಗ್ಲಿಷ್ ಬರತ್ತಾ" ಎಂದರು. ಅಷ್ಟರಲ್ಲಿ ನಮ್ಮ ಬೀದಿಗೆ ಅಂಗನವಾಡಿ ಮಂಜೂರಾಗುತ್ತದೆಂದೂ, ಟೀಚರು ಈ ಬೀದಿಯವಳೇ ಆಗಬೇಕೆಂದೂ, ಎಸ್ಸೆಸ್ಸೆಲ್ಸಿ ಪಾಸಾದವಳಿಗೆ ಕೆಲಸವೆಂದೂ ಸುದ್ದಿ ಬಂತು. ಅಕ್ಕ ಮೂರನೇ ಸಲ ಕಟ್ಟಿದಳು. ಅವಳಿಗೆ ಬೇಕಿದ್ದುದು ದೊಡ್ಡದೇನೂ ಅಲ್ಲ. ಮಗ್ಗದ ಸದ್ದಿಲ್ಲದ ಒಂದು ಕೋಣೆ, ಅದರಲ್ಲಿ ಹೇಳಿದ್ದು ಕೇಳಿಸುವ ಹತ್ತಿಪ್ಪತ್ತು ಮಕ್ಕಳು. "ನಾನು ಮೆಲ್ಲಗೆ ಮಾತಾಡೋದು ಕಲೀಬೇಕು ಕಣೇ" ಎಂದು ನನ್ನ ಹತ್ತಿರ ಹೇಳಿ, ಮೆಲ್ಲಗೆ ಮಾತಾಡುವುದನ್ನು ಅಭ್ಯಾಸ ಮಾಡುತ್ತಿದ್ದಳು. ಮಗ್ಗ ಓಡುತ್ತಿದ್ದರೆ ಅದು ಬರಿಯ ತುಟಿಯಾಟ.

ನಾನಾಗ ಏಳನೇ ಕ್ಲಾಸು, ಅದೂ ಕಾನ್ವೆಂಟಿನಲ್ಲಿ. ನನ್ನನ್ನು ಅಲ್ಲಿಗೆ ಸೇರಿಸಿ ಎಂದು ಅಪ್ಪನಿಗೆ ದುಂಬಾಲು ಬಿದ್ದವಳೇ ಅಕ್ಕ. "ನನ್ನ ಹಂಗೆ ಇವಳೂ ಇಂಗ್ಲಿಷ್‌ಗೆ ಸಿಕ್ಕಾಕ್ಕೊಂಡು ಒದ್ದಾಡಬಾರ್ದು." ಅಪ್ಪನಿಗೆ ಅದು ಅರೆಮನಸ್ಸು. ನಾನು ತಟ್ಟೆ ಬೀಳಿಸಿದರೂ, ಎದುರು ಮಾತಾಡಿದರೂ ಅವರ ಬಾಯಲ್ಲಿ ಬರುತ್ತಿದ್ದುದು ಒಂದೇ ಬೆದರಿಕೆ: "ಕಾನ್ವೆಂಟ್ ಬಿಡಿಸಿ ಕಂಡಿಕೆ ಸುತ್ತೋಕೆ ಕೂರಿಸ್ಬಿಡ್ತೀನಿ ನೋಡು." ಕಾನ್ವೆಂಟಿನವಳೆಂಬ ಕಾರಣಕ್ಕೆ ನನ್ನನ್ನು ಮಗ್ಗದ ಹತ್ತಿರ ಯಾರೂ ಬಿಟ್ಟುಕೊಳ್ಳುತ್ತಿರಲಿಲ್ಲ. ಹೀಗಾಗಿ ನೇಕಾರರ ಮಗಳಾಗಿಯೂ ನನಗೆ ಮಗ್ಗದ ವಿದ್ಯೆ ಸೊನ್ನೆ. ಅದರ ಬದಲು ಶಾಲೆಯಲ್ಲಿ ಅಚ್ಚುಕಟ್ಟುತನಕ್ಕೆ ಎರಡು ವರ್ಷ ಬಹುಮಾನ ಬಂದಿತ್ತು. ಹೌದು, ನನಗೇ. ಪಿ.ಟಿ. ಮೇಷ್ಟ್ರಿಗೆ ಇದನ್ನು ಹೇಳಿದರೆ ನಗುತ್ತಾರೆಂದು ಹೇಳಿಲ್ಲ. ಪೆನ್ಸಿಲ್ಲುಗಳನ್ನು ಉದ್ದದ ಪ್ರಕಾರ ಜೋಡಿಸಿಡುತ್ತಿದ್ದೆ. ಮನೆಗೆ ಬಂದರೆ ನೂಲಿನ ಚೂರು, ಬೂದಿಯ ಬಟ್ಟಲು, ಎಣ್ಣೆಯ ಚಿಂದಿ ನೋಡಿ ನನಗೆ ಅವಮಾನವಾಗುತ್ತಿತ್ತು.

ಬಸ್ ಸ್ಟ್ಯಾಂಡ್ ಹತ್ತಿರದ ಮಹಡಿಯಲ್ಲಿ ಟ್ಯುಟೋರಿಯಲ್ ನಡೆಸುತ್ತಿದ್ದ ಮೇಷ್ಟ್ರೊಬ್ಬರ ಬಳಿ ಅಕ್ಕ ಸಂಜೆ ಪಾಠಕ್ಕೆ ಹೋಗುತ್ತಿದ್ದಳು. ಅವರು ನೇರಳೆ ಶಾಯಿಯಲ್ಲಿ ಅಚ್ಚು ಹಾಕಿದ ಒಂದು ಹಾಳೆ ಕೊಟ್ಟಿದ್ದರು. ಒಂದೇ ಅರ್ಥದಂತೆ ಕಂಡರೂ ಬೇರೆ ಬೇರೆಯಾದ ಪದಗಳು. ತಲೆಬರಹದಲ್ಲಿ 'ಡಿಸಾರ್ಡರ್' ಎಂದಿತ್ತು, ಕೆಳಗೆ ಸಾಲಾಗಿ ಅದರ ಬಂಧುಬಳಗ. "ಈ ಸಲ ಇದು ಗ್ಯಾರಂಟಿ ಬರತ್ತೆ, ಗೀಟು ಹಾಕ್ಕೊಳ್ಳಿ" ಎಂದಿದ್ದರಂತೆ ಮೇಷ್ಟ್ರು. ಅಕ್ಕ ಕೆಚ್ಚಲು ಕೂತಾಗ ನಾನು ಪಕ್ಕದಲ್ಲಿ ಕೂತು ಆ ಹಾಳೆ ಓದಬೇಕು. "ಕೈಗೆ ಕೆಲಸ ಇದೆ, ಕಿವಿ ಖಾಲಿ ಇದೆ. ಓದೇ ಸುಮಾ."

ನಾನು ಕಾನ್ವೆಂಟಿನ ಗತ್ತಿನಲ್ಲಿ ಓದುತ್ತಿದ್ದೆ. ಡಿಕ್ಷನರಿಯಲ್ಲಿದ್ದ ಅರ್ಥ ಹೇಳುತ್ತಿದ್ದೆ. ಅಕ್ಕನಿಗೆ ಅದು ತಲೆಗೆ ಹತ್ತುತ್ತಿರಲಿಲ್ಲ. ಪದವನ್ನು ಎರಡು ಸಲ ಬಾಯಲ್ಲಿ ಅಂದುಕೊಂಡು, ನಾಲ್ಕು ಎಳೆ ಹೊಸೆದು, ಆಮೇಲೆ ತನ್ನದೇ ಅರ್ಥ ಕೊಡುತ್ತಿದ್ದಳು.

"ಕ್ಲಟರ್ ಅಂದ್ರೆ ನಮ್ಮ ಅಟ್ಟ. ಅಮ್ಮ ಇಟ್ಟಿರೋ ಡಬ್ಬ ಒಂದೊಂದೂ ಒಳ್ಳೇದೇ. ಆದ್ರೆ ಕಾಲಿಡೋಕೆ ಜಾಗ ಇಲ್ಲ. ಸರಿನಾ?"

"ಸರಿ. ಜಂಬಲ್?"

"ಕಂಡಿಕೆ ಬುಟ್ಟಿ. ಕೆಂಪು, ಹಸಿರು, ಜರಿ, ಎಲ್ಲಾ ಒಟ್ಟಿಗೆ ಸುರಿದಿದೆ. ಒಂದಕ್ಕೊಂದು ಅಂಟ್ಕೊಂಡಿಲ್ಲ, ಆರಿಸ್ಕೋಬಹುದು. ಟ್ಯಾಂಗಲ್ ಹಂಗಲ್ಲ. ಟ್ಯಾಂಗಲ್ ಅಂದ್ರೆ ಸಿಕ್ಕು. ಒಂದನ್ನ ಎಳೆದ್ರೆ ಇನ್ನೊಂದು ಬಿಗಿಯತ್ತೆ."

"ಮೆಸ್?"

"ಅದು ಒದ್ದೆ ಕಣೇ. ಗಂಜಿ ಚೆಲ್ಲಿ, ಅದರ ಮೇಲೆ ನೂಲು ಬಿದ್ದು, ನೀನು ಅದನ್ನ ತುಳಿದು ಬಂದ್ರೆ ಅದು ಮೆಸ್ಸು."

ನಾನು ನಗುತ್ತಿದ್ದೆ. ಡಿಕ್ಷನರಿಯಲ್ಲಿ ಒದ್ದೆ ಎಂದು ಎಲ್ಲೂ ಇರಲಿಲ್ಲ. ಈಗ ಇಷ್ಟು ವರ್ಷ ಆ ಭಾಷೆ ಕಲಿಸಿದ ಮೇಲೆ ಅನ್ನಿಸುತ್ತದೆ, ಅವಳು ಹೇಳಿದ್ದೇ ಸರಿ. ಮೆಸ್ ಎಂಬಲ್ಲಿ ಏನೋ ಕೈಗೆ ಅಂಟುತ್ತದೆ. ಮಡಲ್ ಎಂದರೆ ದಾರದ್ದಲ್ಲ, ತಲೆಯದು ಎಂದಳು. "ದಾರ ಸರಿಯಾಗೇ ಇರತ್ತೆ, ನೇಯೋನಿಗೆ ಹಿಂದುಮುಂದು ಗೊತ್ತಾಗ್ತಿರಲ್ಲ. ನಮ್ಮಪ್ಪ ಇಂಗ್ಲಿಷ್ ಕಾಗದ ಬಂದಾಗ ಮಾಡ್ತಾರಲ್ಲ, ಹಂಗೆ." ಕೇಯಾಸ್ ಅನ್ನು ಅವಳು ಬಹಳ ದಿನ ಚಾವೋಸ್ ಎಂದೇ ಓದಿದಳು. ಅದರ ಅರ್ಥ ಮಾತ್ರ ಪಕ್ಕಾ ಇತ್ತು: "ಘಾಟಿ ದನದ ಜಾತ್ರೇಲಿ ಎಲ್ಲ ಹೋರಿಗಳ ಹಗ್ಗಾನೂ ಒಟ್ಟಿಗೆ ಬಿಚ್ಚಿಬಿಟ್ರೆ ಅದು."

ಅವಳಿಗೆ ತುಂಬ ಹಿಡಿಸಿದ ಪದ ಡಿಸರೇ. ಕೂದಲಿಗೆ, ಉಟ್ಟ ಬಟ್ಟೆಗೆ, ಸೋತು ಓಡುವ ಸೈನ್ಯಕ್ಕೆ ಹೇಳುತ್ತಾರೆ ಎಂದು ನಾನು ಓದಿದೆ. ಅಕ್ಕ ಕೈ ನಿಲ್ಲಿಸಿದಳು. ಅವಳು ಕೆಚ್ಚುವಾಗ ಕೈ ನಿಲ್ಲಿಸುವುದು ಅಪರೂಪ.

"ಹಂಗಾದ್ರೆ ಇದು ಬೇರೇನೇ. ಮೊದಲು ಸರಿಯಾಗಿತ್ತು, ಆಮೇಲೆ ಕೆಟ್ಟಿದ್ದು. ಅಲ್ವಾ? ಬಾಚಿದ ತಲೆ ಕೆದರಿದ್ದು. ಅಟ್ಟ ಯಾವತ್ತೂ ನೆಟ್ಟಗಿರ್ಲಿಲ್ಲ, ಅದಕ್ಕೆ ಇದನ್ನ ಹೇಳೋಕಾಗಲ್ಲ."

"ಇರಬಹುದು" ಎಂದೆ ನಾನು, ಮುಂದಿನ ಪದಕ್ಕೆ ಹೋಗುವ ಆತುರದಲ್ಲಿ.

"ಪಾಪ, ಒಳ್ಳೆ ಪದ ಕಣೇ ಇದು. ಮುಂಚೆ ಚೆನ್ನಾಗಿತ್ತು ಅನ್ನೋದನ್ನ ಮರ್ತಿಲ್ಲ."

ಇಂಗ್ಲಿಷ್ ಪರೀಕ್ಷೆ ಗುರುವಾರ. ಮಂಗಳವಾರ ಮಧ್ಯಾಹ್ನ ಹೊಸ ಹಾಸು ಬಂತು. ಮದುವೆ ಕಾಲ, ಸೀರೆಗೆ ಅವಸರ. ಅಪ್ಪ ಅದನ್ನು ಮಗ್ಗದ ಹಿಂದೆ ಕಟ್ಟಿ, ಕಡ್ಡಿ ಏರಿಸುವುದನ್ನು ಬೆಳಿಗ್ಗೆಗೆ ಬಿಟ್ಟರು. ಬುಧವಾರ ಅಕ್ಕ ಆದಷ್ಟು ಕೆಚ್ಚುವುದು, ಗುರುವಾರ ಅವಳು ಪರೀಕ್ಷೆಗೆ ಹೋದಾಗ ಅಮ್ಮ ನಿಧಾನವಾಗಿ ಮುಂದುವರಿಸುವುದು ಎಂದು ಮಾತಾಯಿತು. ಸಂಜೆ ಅಕ್ಕ ಟ್ಯುಟೋರಿಯಲ್‌ಗೆ ಹೋದಳು. ಅಪ್ಪ ಅಂಗಡಿ ಬೀದಿಗೆ, ಅಮ್ಮ ನಲ್ಲಿಯ ಹತ್ತಿರಕ್ಕೆ. ಮನೆಯಲ್ಲಿ ನಾನು ಒಬ್ಬಳೇ.

ಮರುದಿನ ಕ್ಲಾಸಿನ ಗೆಳತಿಯೊಬ್ಬಳು ಪುಸ್ತಕ ಕೇಳಿಕೊಂಡು ಮನೆಗೆ ಬರುವವಳಿದ್ದಳು. ಅವಳ ಅಪ್ಪನಿಗೆ ಬ್ಯಾಂಕಿನಲ್ಲಿ ಕೆಲಸ, ಅವರ ಮನೆಯಲ್ಲಿ ಷೋಕೇಸು ಇತ್ತು. ನಾನು ಸೆರಗಿನಂತೆ ಟವಲ್ಲು ಸೊಂಟಕ್ಕೆ ಸಿಕ್ಕಿಸಿಕೊಂಡು ನಡುಮನೆ ಗುಡಿಸಿದೆ. ಲಾಳಿಗಳನ್ನು ಸಾಲಾಗಿಟ್ಟೆ. ಚಿಂದಿಗಳನ್ನು ಮಡಿಸಿದೆ. ಮಗ್ಗದ ಹಿಂದೆ ಹೊಸ ಹಾಸು, ಹಳದಿ ರೇಷ್ಮೆ, ನೋಡಲು ಎಷ್ಟು ಚೆನ್ನಾಗಿತ್ತು. ಅದರ ನಡುವಿನಿಂದ ಒಂದು ಕೆಂಪು ದಾರದ ಕುಣಿಕೆ ಮಾತ್ರ ಅಂದಗೆಟ್ಟು ಜೋತುಬಿದ್ದಿತ್ತು. ಕಟ್ಟಿ ಕಳಿಸಿದ್ದನ್ನು ಬಿಚ್ಚಲು ಮರೆತಿದ್ದಾರೆ ಅಂದುಕೊಂಡೆ. ಗಂಟು ಬಿಚ್ಚಿ ಎಳೆದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಎಳೆಗಳು ಸ್ವಲ್ಪ ಹೆಚ್ಚುಕಡಿಮೆಯಾಗಿ ಕಂಡವು. ಅಂಗೈಯಲ್ಲಿ ಮೇಲಿಂದ ಕೆಳಗೆ ಮೂರು ನಾಲ್ಕು ಸಲ ಚೆನ್ನಾಗಿ ಬಾಚಿದೆ. ಎಲ್ಲ ಒಂದೇ ಸಮ ಇಳಿಬಿದ್ದವು. ದೂರ ನಿಂತು ನೋಡಿ ಖುಷಿಪಟ್ಟೆ. ಕೆಂಪು ದಾರ ಹೊಸದಾಗಿ, ಗಟ್ಟಿಯಾಗಿತ್ತು. ಬಿಸಾಡಲು ಮನಸ್ಸಾಗದೆ ಜಡೆಯ ತುದಿಗೆ ಕಟ್ಟಿಕೊಂಡೆ.

ನಾನು ಜೀವಮಾನದಲ್ಲಿ ಒಂದು ಜಾಗವನ್ನು ಮನಸಾರೆ ಅಚ್ಚುಕಟ್ಟು ಮಾಡಿದ್ದು ಅದೇ ಕೊನೆ.

ಬುಧವಾರ ಬೆಳಿಗ್ಗೆ ಅಕ್ಕ ಎಂದಿನಂತೆ ನನಗೆ ತಲೆ ಬಾಚಲು ಕೂತಳು. ಅವಳ ಕೈ ಜಡೆಯ ತುದಿಗೆ ಬಂದು ನಿಂತಿತು. ಬಹಳ ಹೊತ್ತು ಹಾಗೇ ಇತ್ತು. ಸಿಕ್ಕು ಸಿಕ್ಕಿದೆ ಅಂದುಕೊಂಡು ನಾನು "ಬೇಗ ಅಕ್ಕ, ಪ್ರೇಯರ್‌ಗೆ ಲೇಟಾಗತ್ತೆ" ಎಂದೆ. ಅವಳು ಎದ್ದು ಮಗ್ಗದ ಹಿಂದೆ ಹೋಗಿ ಬಂದಳು. ಮತ್ತೆ ಕೂತು ಕೆಂಪು ದಾರ ಬಿಚ್ಚಿ, ಕಪ್ಪು ರಿಬ್ಬನ್ ಕಟ್ಟಿದಳು. "ಸ್ಕೂಲಿಗೆ ಇದೇ ಸರಿ, ಹೋಗು" ಎಂದಳು. ದನಿ ಮೆಲ್ಲಗಿತ್ತು. ಅಂಗನವಾಡಿಗೆ ಅಭ್ಯಾಸ ಮಾಡುತ್ತಿದ್ದಾಳೆ ಅಂದುಕೊಂಡೆ.

ಸಂಜೆ ಬಂದಾಗ ಕರೆಂಟು ಇದ್ದರೂ ನಮ್ಮ ಮನೆಯ ಮಗ್ಗ ನಿಂತಿತ್ತು. ಅಪ್ಪ ಜಗಲಿಯ ಮೇಲೆ ತಲೆಗೆ ಕೈ ಕೊಟ್ಟು ಕೂತಿದ್ದರು. ಒಳಗೆ ಅಕ್ಕ ಹಾಸಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಎಳೆಯನ್ನು ಬೆರಳಲ್ಲಿ ಎತ್ತಿ, ಅದು ಹೊರಟ ಜಾಗದವರೆಗೆ ಕಣ್ಣಲ್ಲೇ ಹೋಗಿ, ಅದರ ನೆರೆಯ ಎಳೆಯನ್ನು ಹುಡುಕುತ್ತಿದ್ದಳು. ಅಮ್ಮ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೇಳಿದಳು: "ನಿಮ್ಮಕ್ಕ ಸರತಿ ದಾರ ಕಿತ್ಬಿಟ್ಟಿದಾಳೆ ಕಣೆ. ಕಡ್ಡಿ ಏರಿಸೋಕ್ ಮುಂಚೇನೆ. ತಲೇಲಿ ಇಂಗ್ಲಿಷ್ ತುಂಬ್ಕೊಂಡು ಗ್ಯಾನ ತಪ್ತು ಅಂತಾಳೆ. ನಿಮ್ಮಪ್ಪ ಬಾಯಿಗೆ ಬಂದಂಗೆ ಬೈದ್ರು."

ಆ ದಾರಕ್ಕೆ ಅಂಥ ಕೆಲಸವಿತ್ತೆಂದು ನನಗೆ ಗೊತ್ತಾದದ್ದು ಆಗ. ನಾನು ಮಾಡಿದ್ದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಜಗಲಿಯಿಂದ ಅಪ್ಪನ ಕೂಗು ಕೇಳಿಸಿತು. "ಈ ಇಂಗ್ಲಿಷ್‌ನಿಂದ್ಲೇ ಮನೆ ಹಾಳಾಗ್ತಿರೋದು. ಒಬ್ಬಳದ್ದು ಆಯ್ತು, ಇನ್ನೊಬ್ಬಳದ್ದೂ ಬಿಡಿಸ್ಬಿಡ್ತೀನಿ. ಇವಳೇನಾದ್ರೂ ಒಂದು ತಪ್ಪು ಮಾಡ್ಲಿ, ನೋಡ್ತಿರು." ನಾನು ಬಾಯಿ ಮುಚ್ಚಿಕೊಂಡೆ. ಹನ್ನೆರಡು ವರ್ಷದವಳು, ಹೆದರಿದಳು ಎಂದು ನೀವು ಸಮಾಧಾನ ಹೇಳಬಹುದು. ನಾನೂ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಸಾಲುವುದಿಲ್ಲ.

ಗುರುವಾರ ಬೆಳಿಗ್ಗೆ ಅಮ್ಮ ಅಂದಳು, "ಹೋಗಿ ಬರೆದು ಬಾರೇ ತಾಯಿ. ಅಷ್ಟೊತ್ತು ನಾನು ನೋಡ್ಕೋತೀನಿ."

"ನಿನ್ನ ಕಣ್ಣಿಗೆ ಈ ಎಳೆ ಕಾಣಲ್ಲಮ್ಮ. ಈಗ ಬಿಟ್ಟು ಎದ್ರೆ ನಿನ್ನೆಯದೆಲ್ಲ ಮತ್ತೆ ಕಲೆಸಿಹೋಗತ್ತೆ. ಸೀರೆ ಮದುವೇಗೆ ಆಗಬೇಕು. ಪರೀಕ್ಷೆ ಮತ್ತೆ ಬರತ್ತೆ."

ಅಪ್ಪ ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಹಾಲ್ ಟಿಕೆಟ್ಟು ಮಗ್ಗದ ಮೊಳೆಗೆ ಸಿಕ್ಕಿಸಿತ್ತು. ಅದನ್ನು ದಾಟಿಕೊಂಡು ನಾನು ಶಾಲೆಗೆ ಹೋದೆ. ಸಂಜೆ ಪಕ್ಕದ ಬೀದಿಯ ನಾಗವೇಣಿಯ ಮನೆಗೆ ಹೋದೆ. ಅವಳೂ ಅಕ್ಕನ ಹಾಗೆ ಇಂಗ್ಲಿಷ್ ಒಂದನ್ನೇ ಕಟ್ಟಿದ್ದವಳು. ಪ್ರಶ್ನೆಪತ್ರಿಕೆ ಇಸಿದುಕೊಂಡು, ಅವರ ಹಿತ್ತಿಲ ಕಲ್ಲಿನ ಮೇಲೆ ಕೂತು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದೆ. ನೇರಳೆ ಹಾಳೆಯ ಒಂದು ಪದವೂ ಅದರಲ್ಲಿ ಇರಲಿಲ್ಲ. ಮೇಷ್ಟ್ರ ಗ್ಯಾರಂಟಿ ಸುಳ್ಳಾಗಿತ್ತು. ನನಗೆ ಅದರಿಂದ ಸಮಾಧಾನವಾಗಬೇಕಿತ್ತೋ ಏನೋ, ಆಗಲಿಲ್ಲ. ಅಷ್ಟು ದಿನ ಅವಳು ಕಲಿತದ್ದೂ ದಂಡವಾಯಿತಲ್ಲ ಎಂದು ಇನ್ನೊಂದು ಅಳು ಬಂತು.

ಮನೆಗೆ ಬಂದಾಗ ಅಕ್ಕ ಇನ್ನೂ ಹಾಸಿನ ಮುಂದೆಯೇ ಇದ್ದಳು. ಕಣ್ಣು ಕೆಂಪಾಗಿದ್ದವು. ನನ್ನನ್ನು ನೋಡಿ, ಪಕ್ಕದ ಮಣೆ ತೋರಿಸಿದಳು. "ಆ ಹಾಳೆ ತಗೊಂಬಾರೇ ಸುಮಾ, ಓದು. ಕಿವಿ ಖಾಲಿ ಇದೆ." ಪರೀಕ್ಷೆ ಮುಗಿದು ನಾಲ್ಕು ತಾಸು ಕಳೆದಿತ್ತು. ನಾನು ಕೂತು ಓದಿದೆ. ಕ್ಲಟರ್ ಎಂದೆ. ಅಟ್ಟ ಎಂದಳು. ಜಂಬಲ್ ಎಂದೆ. ಕಂಡಿಕೆ ಬುಟ್ಟಿ ಎಂದಳು. ಡಿಸರೇ ಎಂದೆ. ಅವಳು ಕೈಯಲ್ಲಿದ್ದ ಎಳೆಗಳನ್ನು ನನ್ನತ್ತ ಎತ್ತಿ ತೋರಿಸಿದಳು.

ನಾಲ್ಕು ದಿನ ಹಿಡಿಯಿತು. ಸೀರೆ ಮದುವೆಗೆ ಹೋಯಿತು. ನಾಗವೇಣಿ ಪಾಸಾಗಿ ಅಂಗನವಾಡಿ ಟೀಚರಾದಳು. ಒಳ್ಳೆಯ ಹುಡುಗಿ, ಮಕ್ಕಳನ್ನು ಚೆನ್ನಾಗಿ ನೋಡಿಕೊಂಡಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಬಹಳ ಪ್ರಯತ್ನಿಸಿದೆ. ಪರೀಕ್ಷೆ ಮತ್ತೆ ಬಂತು, ಅಕ್ಟೋಬರಿನಲ್ಲಿ. ಆದರೆ ಆ ಹೊತ್ತಿಗೆ ಅಕ್ಕನಿಗೆ ದೇವನಹಳ್ಳಿಯಾಚೆ ವಿಜಯಪುರದ ಮಗ್ಗದ ಮನೆಯೊಂದರಲ್ಲಿ ಗಂಡು ಗೊತ್ತಾಗಿತ್ತು. ಕೆಚ್ಚಲು ಬರುವ ಹುಡುಗಿ ಎಂದು ಅವರಾಗಿಯೇ ಕೇಳಿಕೊಂಡು ಬಂದರು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾಡಿದವಳು ನಾನು, ಉಂಡವಳು ಅಕ್ಕ. ನಾನು ಕಾನ್ವೆಂಟು ಮುಗಿಸಿದೆ, ಕಾಲೇಜು ಮುಗಿಸಿದೆ. ಇಂಗ್ಲಿಷ್ ನನ್ನ ಅನ್ನವಾಯಿತು.

ಆಮೇಲಿನ ಒಂಬತ್ತು ವರ್ಷದಲ್ಲಿ ಅವಳಿಗೆ ಹೇಳುವ ಅವಕಾಶ ಎಷ್ಟು ಬಂದಿರಲಿಕ್ಕಿಲ್ಲ? ಪ್ರತಿ ಹಬ್ಬಕ್ಕೆ ಬರುತ್ತಿದ್ದಳು. ನನ್ನ ತಲೆ ನೋಡಿ, "ಇದೇನೇ ಗೂಡು" ಎಂದು ಬೈದು ಬಾಚುತ್ತಿದ್ದಳು. ಇವತ್ತು ಹೇಳುತ್ತೇನೆ ಎಂದು ಬೆನ್ನು ಕೊಟ್ಟು ಕೂತು, ಹೇಳದೆ ಏಳುತ್ತಿದ್ದೆ. ಅಷ್ಟರಲ್ಲಿ ನಾನು ಈಗಿನ ನಾನಾಗಿದ್ದೆ. ಯಾವ ದಾರ ಎಳೆದರೆ ಏನು ಬಿಚ್ಚಿಕೊಳ್ಳುತ್ತದೋ ಎಂದು ಎಲ್ಲವನ್ನೂ ಇದ್ದಲ್ಲೇ ಬಿಡುವವಳು.

ನಾನು ಬಿ.ಎಡ್. ಓದುತ್ತಿದ್ದಾಗ ಅಕ್ಕನಿಗೆ ಕಿಡ್ನಿ ಕೆಟ್ಟಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ತಿಂಗಳಿಟ್ಟುಕೊಂಡು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಒಂದು ಮಧ್ಯಾಹ್ನ ನಾನು ವಿಜಯಪುರಕ್ಕೆ ಹೋದೆ. ಅವಳ ಅತ್ತೆ ಕತ್ತರಿ ಹಿಡಿದುಕೊಂಡು ಹಾಸಿಗೆಯ ಹತ್ತಿರ ನಿಂತಿದ್ದರು. ಮಲಗಿ ಮಲಗಿ ಕೂದಲು ಗಂಟುಗಂಟಾಗಿ ತಲೆದಿಂಬಿಗೆ ಅಂಟಿತ್ತು. "ನೋವಾಗತ್ತೆ ಅಂತಾಳಮ್ಮ, ಬಾಚೋಕೆ ಬಿಡಲ್ಲ. ಕತ್ತರಿಸಿಬಿಡಣ ಅಂತ" ಎಂದರು. ಒಳ್ಳೆಯ ಹೆಂಗಸು, ಅವರ ಕಣ್ಣಲ್ಲೂ ನೀರಿತ್ತು. ನಾನು ಕತ್ತರಿ ಇಸಿದುಕೊಂಡು ಕಿಟಕಿಯ ಮೇಲಿಟ್ಟು, ಅಕ್ಕನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡೆ.

"ತುದಿಯಿಂದ ಬಿಡಿಸು" ಎಂದಳು ಅಕ್ಕ, ಕಣ್ಣು ತೆರೆಯದೆ. "ಬುಡದಿಂದ ಎಳೀಬೇಡ."

ಕೊಬ್ಬರಿ ಎಣ್ಣೆ ಹಚ್ಚಿ, ತುದಿಯಿಂದ, ಒಂದೊಂದೇ ಎಳೆ ಬಿಡಿಸಿದೆ. ಪಕ್ಕದ ಕೋಣೆಯಲ್ಲಿ ಮಗ್ಗ ಓಡುತ್ತಿತ್ತು. ಅರ್ಧ ಬಿಡಿಸುವ ಹೊತ್ತಿಗೆ ಕರೆಂಟು ಹೋಯಿತು. ಬೀದಿಗೆ ಬೀದಿಯೇ ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ನಾನು ಹೇಳಿದೆ.

"ಅಕ್ಕ, ಆವತ್ತು ಸರತಿ ದಾರ ಕಿತ್ತಿದ್ದು ನಾನು."

"ಗೊತ್ತು ಕಣೇ. ಜಡೇಲಿ ಕಟ್ಕೊಂಡು ನನ್ನ ಮುಂದೇನೇ ಕೂತಿದ್ದೆ." ಅವಳಿಗೆ ನಗು ಬಂತು, ನಗಲು ಶಕ್ತಿ ಸಾಲಲಿಲ್ಲ. "ಚೆನ್ನಾಗಿ ಕಾಣ್ತಿತ್ತು ನಿನಗೆ, ಕೆಂಪು."

"ಯಾಕಕ್ಕ ಅಪ್ಪನಿಗೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಸ್ಕೂಲು ಬಿಡಿಸ್ತಿದ್ರು. ಒಂದು ಮನೇಲಿ ಒಬ್ಬಳಾದ್ರೂ ಪಾಸಾಗಬೇಕಲ್ಲ."

ನಾನು ಅತ್ತುಬಿಟ್ಟೆ. ಕಣ್ಣೀರು ಅವಳ ಹಣೆಯ ಮೇಲೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಕೈ ಎತ್ತಿ ತನ್ನ ಕೂದಲು ಮುಟ್ಟಿ ನೋಡಿಕೊಂಡಳು. ಅರ್ಧ ಬಿಡಿಸಿದ್ದು, ಅರ್ಧ ಹಾಗೇ.

"ಇದಕ್ಕೆ ಯಾವ ಪದ ಕಣೇ? ಟ್ಯಾಂಗಲ್ ಅಲ್ಲ. ಡಿಸರೇ. ಅಲ್ವಾ?"

"ಹೌದಕ್ಕ. ಡಿಸರೇ."

"ನೆನಪಿದೆ ನೋಡು ನನಗೆ." ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. "ನೀನು ಆವತ್ತು ನಾಗವೇಣಿ ಹತ್ರ ಪೇಪರ್ ನೋಡ್ದೆ ಅಂತ ಅವಳು ಹೇಳಿದ್ಲು. ನಾನು ಕೇಳೋಕೆ ಹೋಗ್ಲಿಲ್ಲ. ಆ ಹಾಳೇದು ಬಂದಿತ್ತಾ?"

ಮಗ್ಗಗಳು ಇನ್ನೂ ಸುಮ್ಮನಿದ್ದವು. ನನ್ನ ಬೆರಳಲ್ಲಿ ಅವಳ ಕೂದಲಿನ ಒಂದು ಎಳೆ ಇತ್ತು.

"ಬಂದಿತ್ತು ಅಕ್ಕ" ಎಂದೆ. "ಡಿಸರೇನೇ ಬಂದಿತ್ತು. ಮೂರು ಮಾರ್ಕಿಗೆ."

ಅಕ್ಕ ಮತ್ತೆ ಕಣ್ಣು ಮುಚ್ಚಿದಳು. ಮಗ್ಗದ ಸದ್ದಿಲ್ಲದ ಆ ಕೋಣೆಯಲ್ಲಿ, ಮಕ್ಕಳಿಗೆ ಹೇಳುವಷ್ಟು ಮೆಲ್ಲಗೆ, ಅವಳು ಅಂದಳು:

"ಹಂಗಾದ್ರೆ ನಾನು ಪಾಸ್ ಕಣೇ, ಸುಮಾ."